ಮೇಲೆ ಕೆಳಗೆ ಹೋಗುವ ಮೋಟಾರ್ ಮೇಜು: ಎರಡು ವರ್ಷ ಬಳಸಿದ ಮೇಲೆ

ಇಂಥ ಮೇಜು ಕೊಳ್ಳುವವರೆಲ್ಲ ಎಷ್ಟು ಎತ್ತರಕ್ಕೆ ಹೋಗುತ್ತದೆ ಅಂತ ಕೇಳುತ್ತಾರೆ. ಎಷ್ಟು ಕೆಳಗೆ ಇಳಿಯುತ್ತದೆ ಅಂತ ಕೇಳಿ. ದಿನದ ಮುಕ್ಕಾಲು ಭಾಗ ನಾವು ಕೂತೇ ಇರುತ್ತೇವೆ, ಅಲ್ವಾ?

ನನ್ನ ಎತ್ತರ 5 ಅಡಿ 2 ಇಂಚು. ಪಾದ ಪೂರ್ತಿ ನೆಲಕ್ಕೂರಿ ಕೂತರೆ ಮೊಣಕೈ ನೆಲದಿಂದ ಸುಮಾರು 62 ಸೆಂ.ಮೀ. ಎತ್ತರದಲ್ಲಿರುತ್ತದೆ. ಕೀಬೋರ್ಡ್ ಕೂಡ ಹೆಚ್ಚುಕಡಿಮೆ ಅಲ್ಲೇ ಇರಬೇಕು. ನನ್ನ ಮೇಜು 71ಕ್ಕಿಂತ ಕೆಳಗೆ ಬರುವುದಿಲ್ಲ. ಹಾಗೇ ಟೈಪ್ ಮಾಡಿದರೆ ಭುಜ ಎತ್ತಿಕೊಂಡೇ ಇರಬೇಕು, ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ. ಕೊನೆಗೆ ಅಡುಗೆಮನೆಯ ಮರದ ಮಣೆ ಕಾಲಡಿಗೆ ಬಂತು. ಇಷ್ಟು ದುಡ್ಡಿನ ಮೇಜಿಗೆ ಅಜ್ಜಿ ಕಾಲದ ಮಣೆಯೇ ಆಸರೆ! ನನ್ನದು ಎರಡು ಹಂತದ ಕಾಲಿನದು, ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಕಾಲು. ಮೂರು ಹಂತದ ಕಾಲಿರುವ ಮೇಜುಗಳಲ್ಲಿ ಹಲವು 60–62ರ ತನಕ ಇಳಿಯುತ್ತವೆ. ಬೆಲೆ ಜಾಸ್ತಿ. ಆದರೂ ಕುಳ್ಳಗಿರುವವರು ಅದನ್ನೇ ನೋಡಿ.

ಇನ್ನು ನಿಲ್ಲುವ ವಿಷಯ. ಗಂಟೆಗಟ್ಟಲೆ ನಿಂತರೆ ಸೊಂಟದ ನೋವು ಹಿಮ್ಮಡಿಗೆ ಇಳಿಯುತ್ತದೆ, ಅಷ್ಟೇ. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಂತೂ ಬೇಡವೇ ಬೇಡ, ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ. ತೂಕ ಇಳಿಯುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ಕೂತದ್ದಕ್ಕಿಂತ ನಿಂತರೆ ಗಂಟೆಗೆ ಹೆಚ್ಚುವರಿ ಖರ್ಚಾಗುವುದು ಸುಮಾರು 9 ಕ್ಯಾಲೊರಿ. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯೂ ಕರಗುವುದಿಲ್ಲ.

ನನಗೆ ಉಪಯೋಗವಾದದ್ದು ಮೆಮೊರಿ ಬಟನ್, ಅಂದರೆ ಒತ್ತಿದರೆ ಮೊದಲೇ ಗುರುತು ಮಾಡಿಟ್ಟ ಎತ್ತರಕ್ಕೆ ಮೇಜು ತಾನೇ ಹೋಗುತ್ತದೆ. ಕಾಲ್ ಬಂದರೆ ಮೇಜು ಮೇಲೆ, ಕಾಲ್ ಮುಗಿದರೆ ಕೆಳಗೆ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇರುವುದು ತಪ್ಪಿದೆ, ಸೊಂಟದ ಬಿಗಿತ ನಿಜಕ್ಕೂ ಕಡಿಮೆಯಾಗಿದೆ. ಹ್ಯಾಂಡಲ್ ತಿರುಗಿಸುವ ಮೇಜು ಅಗ್ಗಕ್ಕೆ ಸಿಗುತ್ತದೆ. ಆದರೆ ದಿನಕ್ಕೆ ಹತ್ತು ಸಲ ಯಾರು ತಿರುಗಿಸುತ್ತಾರೆ?

ಕರೆಂಟ್ ಹೋದರೆ ಮೇಜು ಇದ್ದಲ್ಲೇ ನಿಲ್ಲುತ್ತದೆ, ಹಾಗಾಗಿ ಇನ್ವರ್ಟರ್ ಪಾಯಿಂಟ್‌ಗೇ ಕೊಡಿ. ಕರೆಂಟ್ ಬಂದ ಮೇಲೆ ಒಮ್ಮೊಮ್ಮೆ ಎರರ್ ತೋರಿಸುತ್ತದೆ. ನನ್ನದರಲ್ಲಿ ಇಳಿಸುವ ಬಟನ್ ಒತ್ತಿ ಹಿಡಿದರೆ ಸರಿಹೋಗುತ್ತದೆ. ಮೋಟಾರ್ ಇವತ್ತಿನ ತನಕ ಕೈಕೊಟ್ಟಿಲ್ಲ. ಆರಡಿ ಎತ್ತರದ ತಮ್ಮ ಬಂದಾಗ ಪೂರ್ತಿ ಏರಿಸುತ್ತಾನೆ, ಆಗ ಟೈಪ್ ಮಾಡಿದರೆ ಮಾನಿಟರ್ ಅಲ್ಲಾಡುತ್ತದೆ.

5ಕ್ಕೆ 3.5 ಕೊಡುತ್ತೇನೆ. ಬರೀ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು ಸದ್ಯಕ್ಕೆ ಇದನ್ನು ಕೊಳ್ಳಬೇಡಿ. ಕೂತರೂ ನಿಂತರೂ ಕತ್ತು ಬಗ್ಗಿಯೇ ಇರುತ್ತದೆ. ಮೊದಲು ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರುವಂಥ ಸ್ಟ್ಯಾಂಡ್, ಬೇರೆ ಕೀಬೋರ್ಡ್, ಮೌಸ್ ತೆಗೆದುಕೊಳ್ಳಿ. ಎರಡು-ಮೂರು ಸಾವಿರದಲ್ಲಿ ಮುಗಿಯುತ್ತದೆ.