ಓಡುವ ಬೆಲ್ಟ್ ಮತ್ತು ಕ್ಯಾಮೆರಾದ ಟ್ರಿಗರ್: ಮೂರು ವಿಧಾನಗಳ ಹೋಲಿಕೆ

ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು, ಸೆಕೆಂಡಿಗೆ ಅರ್ಧ ಮೀಟರ್ ಸಾಗುವ ಕನ್ವೇಯರ್ ಬೆಲ್ಟ್‌ನ ಮೇಲೆ ಬಾಸ್ಲರ್ ಏಸ್ ಸರಣಿಯ ಯುಎಸ್‌ಬಿ 3 ಕ್ಯಾಮೆರಾವನ್ನು ಅಳವಡಿಸಿ, ಅದಕ್ಕೆ ಟ್ರಿಗರ್ (ಚಿತ್ರ ತೆಗೆಯುವ ಸೂಚನೆ) ಕೊಡುವ ಮೂರು ವಿಧಾನಗಳನ್ನು ಒಂದೊಂದಾಗಿ ಪ್ರಯೋಗಿಸಿದೆ.

ಮೊದಲನೆಯದು ಸಾಫ್ಟ್‌ವೇರ್ ಟ್ರಿಗರ್. ಬಾಟಲಿ ಬಂದುದನ್ನು ಗುರುತಿಸುವ ಸೆನ್ಸರ್‌ನ ಸಂಕೇತ ಪಿಎಲ್‌ಸಿಗೆ (ಯಂತ್ರಗಳನ್ನು ನಡೆಸುವ ನಿಯಂತ್ರಕ), ಅಲ್ಲಿಂದ ಕಂಪ್ಯೂಟರಿಗೆ, ಕೊನೆಗೆ ಯುಎಸ್‌ಬಿ ಮೂಲಕ ಕ್ಯಾಮೆರಾಕ್ಕೆ ತಲುಪುತ್ತದೆ. ತಡ ಒಂದೇ ಸಮನಾಗಿದ್ದರೆ ಸರಿದೂಗಿಸಬಹುದಿತ್ತು; ಆದರೆ ಕಂಪ್ಯೂಟರ್ ಬೇರೆ ಕೆಲಸದಲ್ಲಿದ್ದು 10 ಮಿಲಿಸೆಕೆಂಡ್ ಹೆಚ್ಚು ತಡಮಾಡಿದರೆ ಬಾಟಲಿ 5 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ನಿಂತ ವಸ್ತುವಿಗೆ ಇದು ಸಾಕು, ಓಡುವ ಬೆಲ್ಟ್‌ಗೆ ಖಂಡಿತ ಅಲ್ಲ.

ಉಳಿದೆರಡೂ, ಅಂದರೆ ಜಿಪಿಐಓ ಲೈನ್ ಮತ್ತು ಆಪ್ಟೋ ಇನ್‌ಪುಟ್, ಕ್ಯಾಮೆರಾದ ಹಿಂಭಾಗದ 6 ಪಿನ್ ಕನೆಕ್ಟರ್‌ನಲ್ಲೇ ಇವೆ. ಜಿಪಿಐಓ ಲೈನ್‌ಗೆ (ಸಂಕೇತವನ್ನು ಒಳಗೆ ತೆಗೆದುಕೊಳ್ಳಲೂ ಹೊರಗೆ ಕೊಡಲೂ ಬಳಸಬಹುದಾದ ಲೈನ್) 1ನೇ ಅಥವಾ 3ನೇ ಪಿನ್, ಅದರ ಗ್ರೌಂಡ್‌ಗೆ 6ನೇ ಪಿನ್. ಒಳಗೇ ಪುಲ್‌ಅಪ್ (ಲೈನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಇರುವುದರಿಂದ, ಲೈನನ್ನು ಸೊನ್ನೆ ವೋಲ್ಟ್‌ಗೆ ಎಳೆಯುವ ಬಗೆಯ ಎನ್‌ಪಿಎನ್ ಸೆನ್ಸರ್‌ಗೆ ಹೊರಗಿನ ರೆಸಿಸ್ಟರ್ ಬೇಕಾಗಲಿಲ್ಲ, ಪ್ರತಿಕ್ರಿಯೆಯೂ ಮೂರರಲ್ಲಿ ಅತ್ಯಂತ ಚುರುಕು. ಬಾಟಲಿ ಬಂದಾಗ ಸೆನ್ಸರ್ ಲೈನನ್ನು ಕೆಳಗೆಳೆಯುವುದರಿಂದ ಟ್ರಿಗರ್ ಆಕ್ಟಿವೇಶನ್ ಅನ್ನು ಫಾಲಿಂಗ್ ಎಡ್ಜ್‌ಗೆ (ವೋಲ್ಟೇಜ್ ಇಳಿಯುವ ಕ್ಷಣ) ಇಡಬೇಕು. ನಾನು ರೈಸಿಂಗ್ ಎಡ್ಜ್‌ನಲ್ಲೇ (ವೋಲ್ಟೇಜ್ ಏರುವ ಕ್ಷಣ) ಬಿಟ್ಟು, ಬಾಟಲಿ ದಾಟಿಹೋದ ಮೇಲೆ ಚಿತ್ರ ಏಕೆ ಬರುತ್ತಿದೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಲೈನ್‌ಗೆ ವಿದ್ಯುತ್ ಪ್ರತ್ಯೇಕತೆ (ಹೊರಗಿನ ಸರ್ಕ್ಯೂಟ್‌ನಿಂದ ಬೇರ್ಪಡಿಕೆ) ಇಲ್ಲ. ಮೋಟರಿನ ವೇಗ ನಿಯಂತ್ರಿಸುವ ವಿಎಫ್‌ಡಿಯ, ವಿದ್ಯುತ್ ಗದ್ದಲ ಹರಡುವ ಕೇಬಲ್ ಅದೇ ಟ್ರೇಯಲ್ಲಿ ಹಾದುಹೋಗಿದ್ದರಿಂದ, ಮೋಟರ್ ಶುರುವಾದಾಗಲೆಲ್ಲ ಬಾಟಲಿಯೇ ಇಲ್ಲದ ಚಿತ್ರಗಳು ಬರತೊಡಗಿದವು. ಲೈನ್ ಡಿಬೌನ್ಸರ್ (ತೀರಾ ಚಿಕ್ಕ ಸಂಕೇತಗಳನ್ನು ಕಡೆಗಣಿಸುವ ಸೆಟ್ಟಿಂಗ್) ಅವಧಿ ಹೆಚ್ಚಿಸಿದಾಗ ಅವು ಕಡಿಮೆಯಾದವು, ಆದರೆ ನಿಜವಾದ ಟ್ರಿಗರ್ ಕೂಡ ಅಷ್ಟೇ ತಡವಾಯಿತು.

ಕೊನೆಗೆ ನಾನು ಉಳಿಸಿಕೊಂಡದ್ದು ಆಪ್ಟೋ ಇನ್‌ಪುಟ್, ಅಂದರೆ ಸಂಕೇತವನ್ನು ಬೆಳಕಿನ ಮೂಲಕ ದಾಟಿಸಿ ಎರಡು ಸರ್ಕ್ಯೂಟ್‌ಗಳನ್ನು ಬೇರೆಯಾಗಿಡುವ ಇನ್‌ಪುಟ್. ಇದು 24 ವೋಲ್ಟ್ ಸಂಕೇತವನ್ನು ನೇರವಾಗಿ ಸ್ವೀಕರಿಸುವುದರಿಂದ, ಪಿಎನ್‌ಪಿ ಸೆನ್ಸರಿನ (ವಸ್ತು ಕಂಡಾಗ 24 ವೋಲ್ಟ್ ಕೊಡುವ ಬಗೆ) ಕಪ್ಪು ತಂತಿಯನ್ನು 2ನೇ ಪಿನ್‌ಗೂ ನೀಲಿ ತಂತಿ ಸೇರುವ ಸೊನ್ನೆ ವೋಲ್ಟನ್ನು 5ನೇ ಪಿನ್‌ಗೂ ಜೋಡಿಸಿದರೆ ವೈರಿಂಗ್ ಮುಗಿಯಿತು. ಇದು ಜಿಪಿಐಓಗಿಂತ ನಿಧಾನ ಎಂಬ ಆಕ್ಷೇಪ ನಿಜವೇ. ಆದರೆ 50 ಮೈಕ್ರೋಸೆಕೆಂಡ್ ತಡವಾದರೂ ಈ ವೇಗದಲ್ಲಿ ಬಾಟಲಿ ಸರಿಯುವುದು 0.025 ಮಿಲಿಮೀಟರ್, ನನ್ನ 200 ಮೈಕ್ರೋಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಸರಿಯುವುದು ಅದರ ನಾಲ್ಕು ಪಟ್ಟು. ಎರಡೂ ಗ್ರೌಂಡ್ ತಾನೇ ಎಂದು 5 ಮತ್ತು 6ನೇ ಪಿನ್‌ಗಳನ್ನು ಮಾತ್ರ ಕೂಡಿಸಬಾರದು. ಕೂಡಿಸಿದರೆ ಪ್ರತ್ಯೇಕತೆಯೇ ಹೋಗುತ್ತದೆ.

ಸೆಟ್ಟಿಂಗ್‌ನಲ್ಲಿ ಮೊದಲು ಟ್ರಿಗರ್ ಸೆಲೆಕ್ಟರ್ ಅನ್ನು ಫ್ರೇಮ್ ಸ್ಟಾರ್ಟ್‌ಗೆ ಇಟ್ಟು, ಆಮೇಲೆ ಟ್ರಿಗರ್ ಸೋರ್ಸ್ ಲೈನ್ 1 (ಆಪ್ಟೋ ಇನ್‌ಪುಟ್), ಟ್ರಿಗರ್ ಮೋಡ್ ಆನ್ ಮಾಡಬೇಕು, ಏಕೆಂದರೆ ಮುಂದಿನ ಆಯ್ಕೆಗಳು ಆ ಸೆಲೆಕ್ಟರ್‌ಗೇ ಅನ್ವಯಿಸುತ್ತವೆ. ಕ್ಯಾಮೆರಾ ಸಿದ್ಧವಾಗುವ ಮೊದಲೇ ಬಂದ ಟ್ರಿಗರ್‌ಗೆ ಚಿತ್ರವೇ ಬರುವುದಿಲ್ಲ. ಆದ್ದರಿಂದ ಪಿಎಲ್‌ಸಿಯ ಎಣಿಕೆಯನ್ನೂ ಬಂದ ಚಿತ್ರಗಳ ಎಣಿಕೆಯನ್ನೂ ಪ್ರತಿ ಪಾಳಿಯ ಕೊನೆಗೆ ತಾಳೆ ನೋಡುತ್ತೇನೆ.