ಹಳೇ ಸ್ಪಿಯರ್‌ಗನ್‌ಗೆ 16 ಎಂಎಂ ಲೇಟೆಕ್ಸ್ ಟ್ಯೂಬ್: ಹಾಕಿ ನೋಡಿದೆ

ದಾವಣಗೆರೆಯಲ್ಲಿ ಸಮುದ್ರ ಎಲ್ಲಿದೆ ಅಂತ ನಗಬೇಡಿ. ನನ್ನದು ಇಲ್ಲಿ ಲೇತ್ ಶೆಡ್. ಕಾರವಾರದ ಭಾವ ತಮ್ಮ ಹಳೇ 90 ಸೆಂ.ಮೀ. ಸ್ಪಿಯರ್‌ಗನ್ (ನೀರೊಳಗೆ ರಬ್ಬರಿನ ಎಳೆತದಿಂದ ಮೀನಿಗೆ ಈಟಿ ಹಾರಿಸುವ ಗನ್) ತಂದು, "ಇದಕ್ಕೆ ಸ್ವಲ್ಪ ಜೀವ ತುಂಬೋ ಮಾರಾಯಾ" ಅಂತ ಬಿಟ್ಟುಹೋದರು.

ಹಳೇ ರಬ್ಬರ್ 14 ಎಂಎಂ. ಎಳೆದರೆ ಸಾಕು, ಮೈಯೆಲ್ಲಾ ಸಣ್ಣ ಸೀಳು. ಆನ್‌ಲೈನ್‌ನಲ್ಲಿ 16 ಎಂಎಂ ಟ್ಯೂಬ್ ತರಿಸಿದೆ. ಎರಡೇ ಎಂಎಂ ಅಲ್ವಾ ಅನ್ನಿಸಬಹುದು, ಆದರೆ ಅಷ್ಟೇ ಪಟ್ಟು ಎಳೆದಾಗ ಬಲ ಸುಮಾರು 30% ಜಾಸ್ತಿ. ಬಲ ಬರುವುದು ರಬ್ಬರಿನ ಅಡ್ಡಕೊಯ್ತದ ವಿಸ್ತೀರ್ಣದಿಂದ.

ಅಳತೆಯಲ್ಲೇ ಎಲ್ಲಾ ಇದೆ. ಗನ್ನಿನ ಮೂತಿಯಿಂದ, ರಬ್ಬರ್ ಎಳೆದು ಸಿಕ್ಕಿಸುವ ಈಟಿಯ ಕಚ್ಚಿನವರೆಗೆ 84 ಸೆಂ.ಮೀ., ರಬ್ಬರಿನ ಎರಡೂ ಕಡೆ ಸೇರಿ 168. ಮೂರೂವರೆ ಪಟ್ಟು ಎಳೆತಕ್ಕೆ ಭಾಗಿಸಿದರೆ 48. ಕಟ್ಟುವ ತುದಿಗೆ ಬೇರೆ ಬಿಡಬೇಕು. ನಾನು ಮೊದಲ ತುಂಡಿನಲ್ಲಿ ಅದನ್ನೇ ಮರೆತೆ, ಸುಮ್ನೆ ದಂಡ.

ರಬ್ಬರ್ ಒಳ್ಳೆಯದೇ, ಎಳೆದುಬಿಟ್ಟರೆ ಚಟ್ ಅಂತ ವಾಪಸ್ ಬರುತ್ತದೆ. ಆದರೆ ವರ್ನಿಯರ್ ಹಿಡಿದು ದಪ್ಪ ಅಳೆದರೆ ಒಂದು ತುದಿ 15.4 ಎಂಎಂ! ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರವಿಲ್ಲ. ಅದಕ್ಕೇ ಐದಕ್ಕೆ ಮೂರೂವರೆ ಸ್ಟಾರ್.

ಭಾವನಿಗೆ ಎರಡನೇ ರಬ್ಬರ್ ಕೂಡ ಬೇಕಿತ್ತು. ನಾನು ಒಪ್ಪಲಿಲ್ಲ. ಟ್ರಿಗರ್ ಒಳಗಿನ ಕೊಕ್ಕೆ ಸವೆದಿದೆ, ಈಟಿಯೂ ತೆಳ್ಳಗೆ. ಜಾಸ್ತಿ ಬಲಕ್ಕೆ ಬಳುಕಿ ಗುರಿ ತಪ್ಪುತ್ತದೆ. ಶೆಡ್ಡಿನಲ್ಲಿ ಲೋಡ್ ಮಾಡಿ ತೋರಿಸು ಅಂದ ಹುಡುಗರನ್ನೂ ಓಡಿಸಿದೆ. ಇದನ್ನು ನೀರೊಳಗೇ ಲೋಡ್ ಮಾಡಬೇಕು. ಉಳಿದ ಟ್ಯೂಬ್ ಬೀರುವಿನಲ್ಲಿದೆ, ನಮ್ಮೂರ ಬಿಸಿಲು ಲೇಟೆಕ್ಸ್‌ಗೆ ಆಗಿಬರುವುದಿಲ್ಲ.