ಪ್ರಾಕ್ಸ್‌ಮಾಕ್ಸ್ ವಿಇ: ಸಾಫ್ಟ್‌ವೇರ್ ಗಟ್ಟಿ, ಇನ್‌ಸ್ಟಾಲ್ ಕೈಕೊಟ್ಟರೆ ಎಲ್ಲಿ ನೋಡಬೇಕು ಅನ್ನೋದು ಗೊತ್ತಿರಲಿ

ಒಂದೇ ಮಷೀನ್‌ನಲ್ಲಿ ಹತ್ತಾರು ವರ್ಚುವಲ್ ಸರ್ವರ್ ಓಡಿಸಬೇಕು, ಲೈಸೆನ್ಸ್‌ಗೆ ದುಡ್ಡು ಸುರಿಯೋದು ಬೇಡ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಪ್ರಾಕ್ಸ್‌ಮಾಕ್ಸ್ ವಿಇ. 2008ರಿಂದ ಇದೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. ಪೂರ್ತಿ ವರ್ಚುವಲ್ ಮಷೀನ್‌ಗೆ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್) ಕೆವಿಎಂ, ಹಗುರವಾದ ಕಂಟೇನರ್‌ಗೆ (ಹೋಸ್ಟ್‌ನ, ಅಂದರೆ ನಿಜವಾದ ಮಷೀನಿನ, ಲಿನಕ್ಸ್ ಕರ್ನಲ್ಲನ್ನೇ ಹಂಚಿಕೊಂಡು ಓಡುವ ಪ್ರತ್ಯೇಕ ಪರಿಸರ) ಎಲ್‌ಎಕ್ಸ್‌ಸಿ, ಎರಡನ್ನೂ ಒಂದೇ ವೆಬ್ ಪೇಜಿನಿಂದ ನೋಡಿಕೊಳ್ಳಬಹುದು. ಕೋಡ್ ಓಪನ್ ಸೋರ್ಸ್. ದುಡ್ಡು ಕೊಡದವರು ಅಂತ ಒಂದು ಫೀಚರ್ ಕೂಡ ಬಚ್ಚಿಟ್ಟಿಲ್ಲ, ಇದು ನನಗೆ ತುಂಬಾ ಹಿಡಿಸಿದ ವಿಷಯ.

ಇದೇ ಕೆಲಸಕ್ಕೆ ಇಎಸ್‌ಎಕ್ಸ್‌ಐ ಅನ್ನುವ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಕೊಂಡಿತು, 2024ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಅದು ವಾಪಸ್ ಬಂತು, ಆದರೆ ಅಷ್ಟರಲ್ಲಿ ತುಂಬಾ ಜನ ಈ ಕಡೆ ಬಂದಾಗಿತ್ತು. ಹಾಗೆ ಹೊಸದಾಗಿ ಬಂದವರು ಎಡವುವುದು ಬಳಕೆಯಲ್ಲಲ್ಲ, ಇನ್‌ಸ್ಟಾಲ್ ಮಾಡುವಾಗ. ಹಾಗಾಗಿ ಈ ರಿವ್ಯೂನಲ್ಲಿ ಫೀಚರ್‌ಗಳ ಹೊಗಳಿಕೆ ಕಡಿಮೆ, ಇನ್‌ಸ್ಟಾಲ್ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾಕೆ, ಏನು ಮಾಡಬೇಕು ಅನ್ನೋದೇ ಜಾಸ್ತಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ನಂಬಿಕೆಗೆ ಯೋಗ್ಯ. ಏನಾದರೂ ಕೆಟ್ಟಾಗ ಕಾರಣವನ್ನೂ ಸರಿಯಾಗಿ ಹೇಳುತ್ತದೆ. ಆದರೆ ನೀವು ನೋಡುತ್ತಿರುವ ಸ್ಕ್ರೀನ್ ಮೇಲೆ ಹೇಳುವುದಿಲ್ಲ, ಲಾಗ್‌ನಲ್ಲಿ (ಏನೇನಾಯಿತು ಅಂತ ಸಿಸ್ಟಮ್ ತಾನೇ ಇಡುವ ದಾಖಲೆ) ಬರೆದಿಡುತ್ತದೆ. ಅಲ್ಲಿ ಹೋಗಿ ಓದುವ ಅಭ್ಯಾಸ ಇದ್ದವರಿಗೆ ಇದು ಸುಲಭ, ಇಲ್ಲದವರಿಗೆ ಮೊದಲ ದಿನವೇ ಸಾಕಾಗಿಬಿಡುತ್ತದೆ.

ಪೆನ್‌ಡ್ರೈವ್‌ನಿಂದ ಶುರು ಮಾಡೋಣ. ಐಎಸ್‌ಒ ಫೈಲನ್ನು (ಇನ್‌ಸ್ಟಾಲರ್ ಇರುವ ಡಿಸ್ಕ್ ಇಮೇಜ್) ರೂಫಸ್ ಅನ್ನುವ ಟೂಲ್‌ನಲ್ಲಿ ಪೆನ್‌ಡ್ರೈವ್‌ಗೆ ಬರೆಯುವಾಗ ಡಿಡಿ ಮೋಡ್ (ಇಮೇಜನ್ನು ಇದ್ದ ಹಾಗೇ ನಕಲಿಸುವ ರೀತಿ) ಆರಿಸಿ, ಅದೊಂದು ಆಯ್ಕೆ ತಪ್ಪಿದರೆ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ, ಇಲ್ಲವೇ ಅರ್ಧ ದಾರಿಯಲ್ಲಿ ಡಿಸ್ಕ್ ಸಿಗಲಿಲ್ಲ ಅಂತ ನಿಲ್ಲುತ್ತದೆ. ಎಚರ್ ಅನ್ನುವ ಇನ್ನೊಂದು ಟೂಲ್ ಬಳಸಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಯುನೆಟ್‌ಬೂಟಿನ್ ಇದಕ್ಕೆ ಆಗುವುದಿಲ್ಲ, ಸುಮ್ನೆ ಸಮಯ ಹಾಳು ಮಾಡಬೇಡಿ. ಡೌನ್‌ಲೋಡ್ ಆದ ಫೈಲಿನ ಚೆಕ್‌ಸಮ್ (ಫೈಲ್ ಹಾಳಾಗದೆ ಬಂದಿದೆಯೇ ಅಂತ ತಿಳಿಸುವ ಸಂಖ್ಯೆ) ತಾಳೆ ನೋಡಿಕೊಳ್ಳಿ, ಒಂದು ನಿಮಿಷದ ಕೆಲಸ. ಸೆಕ್ಯೂರ್ ಬೂಟ್‌ಗೆ (ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಪ್ರಾಕ್ಸ್‌ಮಾಕ್ಸ್ 8.1ರಿಂದ ಬೆಂಬಲ ಇದೆ, ಅದಕ್ಕಿಂತ ಹಳೆಯ ಐಎಸ್‌ಒ ಇಟ್ಟುಕೊಂಡಿದ್ದರೆ ಬಯಾಸ್‌ನಲ್ಲಿ (ಮಷೀನ್ ಆನ್ ಆಗುವಾಗಿನ ಸೆಟ್ಟಿಂಗ್ ಮೆನು) ಅದನ್ನು ಆಫ್ ಮಾಡಬೇಕು.

ಬೂಟ್ ಆಯಿತು, ಆಮೇಲೆ ಸ್ಕ್ರೀನ್ ಕಪ್ಪಾಗಿ ನಿಂತಿತು ಅಂದರೆ ಬಹುತೇಕ ಗ್ರಾಫಿಕ್ಸ್ ಕಾರ್ಡಿನ ತಕರಾರು. ಆವೃತ್ತಿ 8ರಿಂದ ಟರ್ಮಿನಲ್ ಮೋಡ್‌ನ ಇನ್‌ಸ್ಟಾಲರ್ ಕೂಡ ಇದೆ, ಮೊದಲ ಮೆನುವಿನಲ್ಲೇ ಸಿಗುತ್ತದೆ. ಅದೂ ಆಗದಿದ್ದರೆ ಬೂಟ್ ಸಾಲಿನ ಕೊನೆಗೆ ನೋಮೋಡ್‌ಸೆಟ್ (nomodeset) ಅನ್ನುವ ಆಯ್ಕೆ ಸೇರಿಸಿ. ನೋಡಲು ಚೆಂದ ಇಲ್ಲದಿದ್ದರೂ ನಾನು ಈಗ ನೇರ ಟರ್ಮಿನಲ್ ಇನ್‌ಸ್ಟಾಲರನ್ನೇ ತೆಗೆದುಕೊಳ್ಳುತ್ತೇನೆ. ಕೇಳುವ ಪ್ರಶ್ನೆಗಳು ಎರಡರಲ್ಲೂ ಅವೇ.

ಇನ್ನು ಬಯಾಸ್. ವರ್ಚುವಲ್ ಮಷೀನ್ ಓಡಿಸಲು ಪ್ರೊಸೆಸರ್‌ನಲ್ಲಿರುವ ಸೌಲಭ್ಯ, ಇಂಟೆಲ್ ಆದರೆ ವಿಟಿ, ಎಎಂಡಿ ಆದರೆ ಎಸ್‌ವಿಎಂ, ಆನ್ ಇರಬೇಕು. ಇಲ್ಲದಿದ್ದರೆ ಇನ್‌ಸ್ಟಾಲರ್ ಎಚ್ಚರಿಕೆ ಕೊಡುತ್ತದೆ, ಆದರೆ ತಡೆಯುವುದಿಲ್ಲ. ಇದರಿಂದ ಒಂದು ವಿಚಿತ್ರ ಸ್ಥಿತಿ ಬರುತ್ತದೆ: ಇನ್‌ಸ್ಟಾಲ್ ಮುಗಿಯುತ್ತದೆ, ವೆಬ್ ಪೇಜ್ ಬರುತ್ತದೆ, ಕಂಟೇನರ್‌ಗಳೂ ಓಡುತ್ತವೆ (ಅವಕ್ಕೆ ಪ್ರೊಸೆಸರ್‌ನ ಈ ಸೌಲಭ್ಯ ಬೇಕಾಗಿಲ್ಲ), ವರ್ಚುವಲ್ ಮಷೀನ್ ಸ್ಟಾರ್ಟ್ ಒತ್ತಿದಾಗ ಮಾತ್ರ ಎರರ್. ಕಂಟೇನರ್ ಓಡುತ್ತಿದೆಯಲ್ಲ, ವರ್ಚುವಲೈಸೇಶನ್ ಸರಿ ಇದೆ ಅಂದುಕೊಂಡು ಜನ ಬೇರೆಲ್ಲೋ ಹುಡುಕುತ್ತಾರೆ. ಎಎಂಡಿ ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗ್ ಓವರ್‌ಕ್ಲಾಕಿಂಗ್ ಮೆನುವಿನ ಒಳಗೆ ಅಡಗಿರುವುದುಂಟು, ಸಮಾಧಾನದಿಂದ ಹುಡುಕಿ. ವರ್ಚುವಲ್‌ಬಾಕ್ಸ್ ತರಹದ್ದರ ಒಳಗೆ ಹಾಕಿ ಪರೀಕ್ಷೆ ಮಾಡುವವರು ಹೊರಗಿನ ಸಾಫ್ಟ್‌ವೇರ್‌ನಲ್ಲಿ ನೆಸ್ಟೆಡ್ ವರ್ಚುವಲೈಸೇಶನ್ (ಒಂದು ವರ್ಚುವಲ್ ಮಷೀನ್ ಒಳಗೆ ಇನ್ನೊಂದನ್ನು ಓಡಿಸುವುದು) ಆನ್ ಮಾಡಬೇಕು.

ಡಿಸ್ಕ್ ಆರಿಸುವಾಗ ಎರಡೇ ಮಾತು. ಆರಿಸಿದ ಡಿಸ್ಕ್‌ನಲ್ಲಿ ಇದ್ದದ್ದೆಲ್ಲಾ ಅಳಿಸಿ ಹೋಗುತ್ತದೆ, ಪಾರ್ಟಿಶನ್ ಉಳಿಸಿಕೊಂಡು ಪಕ್ಕದಲ್ಲಿ ಹಾಕುವ ದಾರಿ ಈ ಇನ್‌ಸ್ಟಾಲರ್‌ನಲ್ಲಿ ಇಲ್ಲ. ಝಡ್‌ಎಫ್‌ಎಸ್ (ಹಲವು ಡಿಸ್ಕ್‌ಗಳನ್ನು ತಾನೇ ಸೇರಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಮ್) ಬೇಕು ಅನ್ನುವವರು ಹಾರ್ಡ್‌ವೇರ್ ರೇಡ್ ಕಾರ್ಡಿನ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಕಾರ್ಡ್) ಮೇಲೆ ಅದನ್ನು ಹಾಕಬೇಡಿ, ಡಿಸ್ಕ್‌ಗಳು ನೇರವಾಗಿ ಕಾಣಬೇಕು. ಹಳೆಯ ಆವೃತ್ತಿಗಳಲ್ಲಿ ಝಡ್‌ಎಫ್‌ಎಸ್ ಕ್ಯಾಶ್ ಅರ್ಧ ರ್‍ಯಾಮ್‌ವರೆಗೂ ಬೆಳೆಯುತ್ತಿತ್ತು, 8.1ರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಶೇಕಡ 10ಕ್ಕೆ, ಹೆಚ್ಚೆಂದರೆ 16 ಜಿಬಿಗೆ ಮಿತಿ ಹಾಕಿದ್ದಾರೆ. ಒಳ್ಳೆಯ ನಿರ್ಧಾರ. ಹಳೆಯದನ್ನೇ ಅಪ್‌ಗ್ರೇಡ್ ಮಾಡಿಕೊಂಡು ಬಂದವರು ಇದನ್ನು ತಾವೇ ಇಳಿಸಿಕೊಳ್ಳಬೇಕು.

ಈಗ ನಿಜವಾಗಿ ತಲೆ ತಿನ್ನುವ ಜಾಗಕ್ಕೆ ಬರೋಣ. ಇನ್‌ಸ್ಟಾಲ್ ಮುಗಿದಿದೆ, ಮಷೀನ್ ಪಿಂಗ್‌ಗೆ ಉತ್ತರ ಕೊಡುತ್ತದೆ, ಎಸ್‌ಎಸ್‌ಎಚ್‌ನಲ್ಲಿ ದೂರದಿಂದ ಲಾಗಿನ್ ಕೂಡ ಆಗುತ್ತದೆ, ಆದರೆ 8006ನೇ ಪೋರ್ಟ್‌ನಲ್ಲಿ ವೆಬ್ ಪೇಜ್ ಬರುವುದಿಲ್ಲ. ಡೆಬಿಯನ್ ಮೊದಲು ಹಾಕಿ ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕುವವರಿಗೆ ಇದು ಜಾಸ್ತಿ ಬರುವ ತೊಂದರೆ. ವೆಬ್ ಪೇಜ್ ತೋರಿಸುವ ಪಿವಿಇಪ್ರಾಕ್ಸಿ (pveproxy) ಸೇವೆಯ ಲಾಗ್ ನೋಡಿದರೆ ಸರ್ಟಿಫಿಕೇಟಿನ ಪ್ರೈವೇಟ್ ಕೀ (ಸರ್ವರ್‌ನ ಗುಟ್ಟಿನ ಕೀ ಫೈಲ್) ತೆರೆಯಲು ಆಗಲಿಲ್ಲ ಅನ್ನುವ ಸಾಲು ಮತ್ತೆ ಮತ್ತೆ ಬರುತ್ತಿರುತ್ತದೆ. ಅದನ್ನು ನೋಡಿ ಎಲ್ಲರೂ ಸರ್ಟಿಫಿಕೇಟಿನ ಹಿಂದೆ ಬೀಳುತ್ತಾರೆ, ಹೊಸದಾಗಿ ಮಾಡಲು ಹೋಗುತ್ತಾರೆ, ಅದೂ ಆಗುವುದಿಲ್ಲ.

ಕಾರಣ ಅಲ್ಲಿಲ್ಲ. ಇಟಿಸಿ ಫೋಲ್ಡರಿನ ಒಳಗೆ ಪಿವಿಇ ಅನ್ನುವ ಫೋಲ್ಡರ್ (/etc/pve) ಇದೆಯಲ್ಲ, ಅದು ಮಾಮೂಲಿ ಫೋಲ್ಡರ್ ಅಲ್ಲ. ಪಿವಿಇ ಕ್ಲಸ್ಟರ್ (pve-cluster) ಅನ್ನುವ ಸೇವೆ ಒಂದು ಸಣ್ಣ ಡೇಟಾಬೇಸ್ ಫೈಲಿನಿಂದ ಅದನ್ನು ಮೌಂಟ್ ಮಾಡಿ ತೋರಿಸುತ್ತದೆ. ಒಂದೇ ಮಷೀನ್ ಇದ್ದರೂ, ಕ್ಲಸ್ಟರ್ (ಹಲವು ಮಷೀನ್‌ಗಳ ಗುಂಪು) ಕಟ್ಟದೇ ಇದ್ದರೂ ಈ ಸೇವೆ ಬೇಕೇ ಬೇಕು. ಅದು ಏಳದಿದ್ದರೆ ಫೋಲ್ಡರ್ ಖಾಲಿ, ಕೀ ಇಲ್ಲ, ವೆಬ್ ಪೇಜ್ ಇಲ್ಲ. ಅದು ಏಳದಿರುವುದಕ್ಕೆ ಸಾಮಾನ್ಯ ಕಾರಣ ಹೋಸ್ಟ್ಸ್ ಫೈಲ್ (/etc/hosts), ಅಂದರೆ ಯಾವ ಹೆಸರಿಗೆ ಯಾವ ಐಪಿ ವಿಳಾಸ ಅಂತ ಬರೆದಿರುವ ಫೈಲ್. ಡೆಬಿಯನ್ ತನ್ನ ಇನ್‌ಸ್ಟಾಲ್‌ನಲ್ಲಿ ಸಾಮಾನ್ಯವಾಗಿ ಮಷೀನಿನ ಹೆಸರಿಗೆ 127.0.1.1 ಅನ್ನುವ ವಿಳಾಸ ಬರೆದಿಡುತ್ತದೆ. ಪ್ರಾಕ್ಸ್‌ಮಾಕ್ಸ್‌ಗೆ ಆ ಹೆಸರು ನಿಜವಾದ ಐಪಿ ವಿಳಾಸಕ್ಕೇ ಹೋಗಬೇಕು, 127ರಿಂದ ಶುರುವಾಗುವ ಲೂಪ್‌ಬ್ಯಾಕ್ (ಮಷೀನ್ ತನ್ನನ್ನೇ ಕರೆದುಕೊಳ್ಳುವ ವಿಳಾಸ) ನಡೆಯುವುದಿಲ್ಲ. ಕ್ಲಸ್ಟರ್ ಸೇವೆಯ ಲಾಗ್ ತೆಗೆದರೆ ಈ ಮಾತನ್ನೇ ಅದು ಸ್ಪಷ್ಟವಾಗಿ ಬರೆದಿರುತ್ತದೆ, ಹೋಸ್ಟ್ಸ್ ಫೈಲ್ ನೋಡು ಅಂತಲೂ ಹೇಳಿರುತ್ತದೆ. ಆ 127.0.1.1 ಸಾಲು ತೆಗೆದು, ನಿಜವಾದ ಐಪಿ, ಪೂರ್ತಿ ಡೊಮೇನ್ ಹೆಸರು, ಆಮೇಲೆ ಚಿಕ್ಕ ಹೆಸರು ಬರೆದು ರೀಬೂಟ್ ಮಾಡಿದರೆ ಎಲ್ಲಾ ತಾನಾಗಿ ಎದ್ದು ನಿಲ್ಲುತ್ತದೆ. ಕೂಗಾಡುವ ಸೇವೆ ಒಂದು, ಕೆಟ್ಟಿರುವ ಸೇವೆ ಇನ್ನೊಂದು. ಹೋಸ್ಟ್ಸ್ ಫೈಲ್ ಸರಿ ಇದೆಯೇ ಅಂತ ಇನ್‌ಸ್ಟಾಲ್ ಮಾಡುವ ಪ್ಯಾಕೇಜೇ ಮೊದಲು ಪರೀಕ್ಷಿಸಿ ನಿಲ್ಲಿಸಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ದಾಖಲೆಯಲ್ಲಿ ಬರೆದಿದ್ದಾರೆ, ಒಪ್ಪುತ್ತೇನೆ. ಆದರೆ ಸಿಕ್ಕಿಹಾಕಿಕೊಂಡವನು ದಾಖಲೆ ತೆರೆಯುವ ಹೊತ್ತಿಗೆ ಅರ್ಧ ಸಿಸ್ಟಮ್ ಬದಲಾಯಿಸಿ ಆಗಿರುತ್ತದೆ.

ಡೆಬಿಯನ್ ಮೇಲೆ ಹಾಕುವವರಿಗೆ ಇನ್ನೊಂದು ಮಾತು. ಆವೃತ್ತಿಗಳು ತಾಳೆಯಾಗಬೇಕು: ಪ್ರಾಕ್ಸ್‌ಮಾಕ್ಸ್ 8ಕ್ಕೆ ಡೆಬಿಯನ್ 12, ಪ್ರಾಕ್ಸ್‌ಮಾಕ್ಸ್ 9ಕ್ಕೆ ಡೆಬಿಯನ್ 13. ಹಳೆಯ ಗೈಡ್ ನೋಡಿಕೊಂಡು ಬೇರೆ ಆವೃತ್ತಿಯ ರೆಪೊಸಿಟರಿ (ಪ್ಯಾಕೇಜ್‌ಗಳು ಸಿಗುವ ಸರ್ವರ್) ಸೇರಿಸಿದರೆ ಡಿಪೆಂಡೆನ್ಸಿ (ಒಂದಕ್ಕೆ ಬೇಕಾದ ಇನ್ನೊಂದು ಪ್ಯಾಕೇಜ್ ಸಿಗದ) ಎರರ್‌ಗಳ ಸಾಲೇ ಬರುತ್ತದೆ. ವಿಶೇಷ ಕಾರಣ ಇಲ್ಲದಿದ್ದರೆ ನೇರ ಐಎಸ್‌ಒದಿಂದಲೇ ಹಾಕಿ.

ಐಎಸ್‌ಒದಿಂದ ಹಾಕಿದರೂ ಪೇಜ್ ಬರದಿದ್ದರೆ ನೆಟ್‌ವರ್ಕ್ ನೋಡಿ. ಇನ್‌ಸ್ಟಾಲರ್ ರೂಟರ್‌ನಿಂದ ಸಿಕ್ಕ ವಿಳಾಸವನ್ನು ತೋರಿಸುತ್ತದೆ, ನೀವು ನೆಕ್ಸ್ಟ್ ಒತ್ತಿದರೆ ಅದನ್ನೇ ಸ್ಥಿರ ವಿಳಾಸವಾಗಿ ಬರೆದುಬಿಡುತ್ತದೆ. ಆಮೇಲೆ ರೂಟರ್ ಅದೇ ವಿಳಾಸವನ್ನು ಬೇರೆ ಸಾಧನಕ್ಕೆ ಕೊಟ್ಟರೆ ಒಮ್ಮೆ ಬರುವುದು, ಒಮ್ಮೆ ಬಾರದಿರುವುದು ಶುರುವಾಗುತ್ತದೆ. ರೂಟರ್ ಹಂಚುವ ಸಾಲಿನ ಹೊರಗಿನ ವಿಳಾಸ ಕೊಡಿ. ಮಷೀನನ್ನು ಬೇರೆ ನೆಟ್‌ವರ್ಕ್‌ಗೆ ಒಯ್ದಾಗ ನೆಟ್‌ವರ್ಕ್ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲ್ (/etc/network/interfaces) ಒಂದನ್ನೇ ತಿದ್ದಿದರೆ ಸಾಲದು, ಹೋಸ್ಟ್ಸ್ ಫೈಲ್ ಕೂಡ ತಿದ್ದಬೇಕು. ಇಲ್ಲದಿದ್ದರೆ ಕನ್ಸೋಲ್‌ನಲ್ಲಿ (ಮಷೀನಿಗೇ ಚುಚ್ಚಿದ ಮಾನಿಟರ್‌ನಲ್ಲಿ) ಹಳೆಯ ವಿಳಾಸವೇ ಕಾಣುತ್ತಿರುತ್ತದೆ, ಅದನ್ನೇ ನಂಬಿ ಬ್ರೌಸರ್‌ನಲ್ಲಿ ಟೈಪ್ ಮಾಡುತ್ತಾ ಕೂರಬೇಕಾಗುತ್ತದೆ.

ಹೊಸ ಕಾರ್ಡ್ ಹಾಕಿದ ಮೇಲೆ ನೆಟ್‌ವರ್ಕ್ ಹೋಯಿತು ಅನ್ನುವುದೂ ಸಾಮಾನ್ಯ ದೂರು. ಪಿಸಿಐ ಸ್ಲಾಟ್‌ನಲ್ಲಿ ಏನಾದರೂ ಸೇರಿಸಿದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಬಹುದು, ಹೆಸರಿನ ಒಳಗಿನ ಅಂಕಿ 3 ಇದ್ದದ್ದು 4 ಆಗುತ್ತದೆ. ಆದರೆ ವಿಎಂಬಿಆರ್0 (vmbr0) ಅನ್ನುವ ಬ್ರಿಡ್ಜ್, ಅಂದರೆ ವರ್ಚುವಲ್ ಮಷೀನ್‌ಗಳನ್ನು ಆ ಕಾರ್ಡಿಗೆ ಜೋಡಿಸುವ ಸಾಫ್ಟ್‌ವೇರ್ ಸ್ವಿಚ್, ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಮಾನಿಟರ್ ಕೀಬೋರ್ಡ್ ಚುಚ್ಚಿ ಒಳಗೆ ಹೋಗಿ, ಈಗಿನ ಹೆಸರು ನೋಡಿಕೊಂಡು, ಇಂಟರ್‌ಫೇಸಸ್ ಫೈಲಿನಲ್ಲಿ ಆ ಒಂದು ಪದ ಬದಲಿಸಿದರೆ ಮುಗಿಯಿತು. ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯ ಖಂಡಿತ ಇಲ್ಲ. ವೈಫೈ ಮೇಲೆ ಬ್ರಿಡ್ಜ್ ಕಟ್ಟಲು ಹೋಗಬೇಡಿ, ಕೇಬಲ್ ಹಾಕಿ.

ಬಾಡಿಗೆ ಸರ್ವರ್ ತೆಗೆದುಕೊಂಡು ಅದರ ಮೇಲೆ ಹಾಕುವವರಿಗೆ ಬೇರೆಯದೇ ಒಂದು ತೊಂದರೆ ಕಾದಿರುತ್ತದೆ. ಹೋಸ್ಟ್‌ಗೆ ಇಂಟರ್ನೆಟ್ ಇದೆ, ವರ್ಚುವಲ್ ಮಷೀನ್‌ಗೆ ಇಲ್ಲ, ಸೆಟ್ಟಿಂಗ್ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಅನೇಕ ಹೋಸ್ಟಿಂಗ್ ಕಂಪನಿಗಳು ಒಂದು ಪೋರ್ಟ್‌ನಲ್ಲಿ ತಾವು ಕೊಟ್ಟ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬಿಟ್ಟು ಬೇರೆ ಕಂಡರೆ ಅದನ್ನು ಬಿಡುವುದಿಲ್ಲ, ಕೆಲವರು ಪೋರ್ಟನ್ನೇ ಮುಚ್ಚುತ್ತಾರೆ. ಬ್ರಿಡ್ಜ್ ಮಾಡಿದಾಗ ಪ್ರತಿ ವರ್ಚುವಲ್ ಮಷೀನ್ ತನ್ನದೇ ಮ್ಯಾಕ್ ವಿಳಾಸ ಹೊತ್ತು ಹೊರಗೆ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಇದಕ್ಕೆ ದಾರಿ ಮೂರು: ಹೆಚ್ಚುವರಿ ಐಪಿ ಜೊತೆ ಅದರ ಮ್ಯಾಕ್ ವಿಳಾಸವನ್ನೂ ಕಂಪನಿಯಿಂದಲೇ ಕೇಳಿ ಪಡೆದು ಮಷೀನ್‌ಗೆ ಹಾಕುವುದು, ರೂಟೆಡ್ ಸೆಟಪ್ ಮಾಡಿ ಎಲ್ಲಾ ಟ್ರಾಫಿಕ್ ಹೋಸ್ಟ್‌ನ ಮ್ಯಾಕ್ ವಿಳಾಸದಲ್ಲೇ ಹೋಗುವಂತೆ ಮಾಡುವುದು, ಒಂದೇ ಪಬ್ಲಿಕ್ ಐಪಿ ಇದ್ದರೆ ನ್ಯಾಟ್ (ಎಲ್ಲಾ ಮಷೀನ್‌ಗಳೂ ಅದೇ ಐಪಿಯಿಂದ ಹೊರಗೆ ಹೋಗುವ ರೀತಿ). ಸರ್ವರ್ ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು, ಅಲ್ವಾ?

ಪೇಜ್ ಬಂತು ಅನ್ನಿ. ಬ್ರೌಸರ್ ಸರ್ಟಿಫಿಕೇಟ್ ನಂಬಬೇಡಿ ಅನ್ನುತ್ತದೆ, ಅದು ಮಷೀನ್ ತಾನೇ ಮಾಡಿಕೊಂಡ ಸರ್ಟಿಫಿಕೇಟ್, ನಿಮ್ಮದೇ ಸರ್ವರ್ ಅಂತ ಖಾತ್ರಿ ಇದ್ದರೆ ಮುಂದೆ ಹೋಗಿ. ರೂಟ್ ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗದಿದ್ದರೆ ಕೆಳಗಿನ ರೆಲ್ಮ್ (ಯಾವ ಖಾತೆಗಳ ಪಟ್ಟಿ ಅನ್ನುವ ಆಯ್ಕೆ) ನೋಡಿ, ಅದು ಲಿನಕ್ಸ್ ಪ್ಯಾಮ್ (ಲಿನಕ್ಸ್‌ನದೇ ಖಾತೆಗಳು) ಇರಬೇಕು.

ಮೊದಲ ಅಪ್‌ಡೇಟ್ ಒತ್ತಿದಾಗ 401 ಎರರ್ ಬರುತ್ತದೆ. ಏನೂ ಕೆಟ್ಟಿಲ್ಲ. ಮೊದಲಿಗೆ ಸಿಸ್ಟಮ್ ಎಂಟರ್‌ಪ್ರೈಸ್ ರೆಪೊಸಿಟರಿಯನ್ನು ನೋಡುತ್ತಿರುತ್ತದೆ, ಅದು ಚಂದಾ ಇದ್ದವರಿಗೆ ಮಾತ್ರ. ವೆಬ್ ಪೇಜಿನ ರೆಪೊಸಿಟರಿ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿ ನೋ ಸಬ್‌ಸ್ಕ್ರಿಪ್ಶನ್ ಅನ್ನೋದನ್ನು ಸೇರಿಸಿ. ಸೆಫ್‌ನ (ಹಲವು ಮಷೀನ್‌ಗಳ ಡಿಸ್ಕ್‌ಗಳನ್ನು ಸೇರಿಸುವ ಸ್ಟೋರೇಜ್ ಸಾಫ್ಟ್‌ವೇರ್) ರೆಪೊಸಿಟರಿಯೂ ಅಲ್ಲೇ ಇರುತ್ತದೆ, ಅದನ್ನೂ ಬದಲಿಸಿ. ಕಮಾಂಡ್‌ನಿಂದ ಅಪ್‌ಡೇಟ್ ಮಾಡುವವರು ಬರೀ ಅಪ್‌ಗ್ರೇಡ್ ಕೊಡಬೇಡಿ, ಡಿಸ್ಟ್ ಅಪ್‌ಗ್ರೇಡ್ (dist-upgrade) ಕೊಡಿ, ಇಲ್ಲದಿದ್ದರೆ ಕೆಲವು ಪ್ಯಾಕೇಜ್ ಹಿಂದೆ ಉಳಿದು ಸಿಸ್ಟಮ್ ಅರೆಬರೆ ಆಗುತ್ತದೆ. ಲಾಗಿನ್ ಆದಾಗ ಬರುವ ಚಂದಾ ಇಲ್ಲ ಅನ್ನುವ ಸೂಚನೆಯನ್ನು ತೆಗೆಯುವ ಸ್ಕ್ರಿಪ್ಟ್‌ಗಳು ಎಲ್ಲೆಡೆ ಸಿಗುತ್ತವೆ. ಓಕೆ ಒತ್ತಿದರೆ ಹೋಗುವ ಸೂಚನೆಗಾಗಿ ಗೊತ್ತಿಲ್ಲದವರ ಸ್ಕ್ರಿಪ್ಟನ್ನು ರೂಟ್ ಆಗಿ ಓಡಿಸುವುದು ನನಗೆ ಸರಿ ಕಾಣುವುದಿಲ್ಲ.

ವರ್ಚುವಲ್ ಮಷೀನ್ ಮಾಡುವಾಗ ಬರುವ ಎರಡು ತೊಂದರೆ ಹೇಳಲೇಬೇಕು. ಆವೃತ್ತಿ 8ರಿಂದ ಹೊಸ ಮಷೀನ್‌ಗೆ ಕೊಡುವ ಪ್ರೊಸೆಸರ್ ಮಾದರಿ ಎಇಎಸ್ (ಎನ್‌ಕ್ರಿಪ್ಶನ್) ಸೌಲಭ್ಯ ಕೇಳುತ್ತದೆ, ತುಂಬಾ ಹಳೆಯ ಪ್ರೊಸೆಸರ್‌ನಲ್ಲಿ ಅದು ಇಲ್ಲದಿದ್ದರೆ ಮಷೀನ್ ಏಳುವುದಿಲ್ಲ. ಮಾದರಿಯನ್ನು ಹೋಸ್ಟ್ ಅಂತ ಬದಲಿಸಿ ನೋಡಿ. ಇನ್ನೊಂದು, ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುವುದಿಲ್ಲ. ವಿರ್ಟ್‌ಐಒ (ವರ್ಚುವಲ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳ) ಡ್ರೈವರ್‌ಗಳ ಐಎಸ್‌ಒವನ್ನು ಎರಡನೇ ಸಿಡಿಯಾಗಿ ಸೇರಿಸಿ, ಲೋಡ್ ಡ್ರೈವರ್ ಒತ್ತಿ ಸ್ಕಸಿ ಡ್ರೈವರ್ ಕೊಡಿ, ಆಮೇಲೆ ನೆಟ್‌ವರ್ಕ್ ಡ್ರೈವರನ್ನೂ ಅಲ್ಲಿಂದಲೇ ಹಾಕಿ.

ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಪೇಜಿನ ಕೆಳಗಿರುವ ಟಾಸ್ಕ್ ಪಟ್ಟಿ. ಮಾಡಿದ ಪ್ರತಿ ಕೆಲಸ, ಸೋತದ್ದೋ ಗೆದ್ದದ್ದೋ, ಡಬಲ್ ಕ್ಲಿಕ್ ಮಾಡಿದರೆ ಪೂರ್ತಿ ಲಾಗ್ ತೆರೆಯುತ್ತದೆ. ಇಷ್ಟು ಮುಚ್ಚುಮರೆ ಇಲ್ಲದ ಸಾಫ್ಟ್‌ವೇರ್ ಕಡಿಮೆ. ವೆಬ್ ಪೇಜ್ ಏಳುವ ಮೊದಲಿನ ಹಂತಕ್ಕೂ ಇಂಥದ್ದೊಂದು ಇದ್ದಿದ್ದರೆ, ಕನ್ಸೋಲ್‌ನಲ್ಲಿ ಐಪಿ ತೋರಿಸುವ ಜಾಗದಲ್ಲೇ ಯಾವ ಸೇವೆ ಎದ್ದಿಲ್ಲ ಅಂತ ಒಂದು ಸಾಲು ಬಂದಿದ್ದರೆ, ಮೇಲೆ ಬರೆದದ್ದರಲ್ಲಿ ಅರ್ಧ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಗ್ರಾಹಕರಿಗೆ ವರ್ಚುವಲ್ ಸರ್ವರ್ ಮಾರುವ ಯೋಚನೆ ಇದ್ದವರು ಗಮನಿಸಿ: ಬಿಲ್ಲಿಂಗ್ ಇದರಲ್ಲಿ ಇಲ್ಲ. ಎಪಿಐ (ಬೇರೆ ಸಾಫ್ಟ್‌ವೇರ್ ಇದರ ಜೊತೆ ಮಾತಾಡುವ ದಾರಿ) ಚೆನ್ನಾಗಿದೆ, ಬೇರೆ ಬಿಲ್ಲಿಂಗ್ ಸಾಫ್ಟ್‌ವೇರ್ ಜೋಡಿಸಿಕೊಳ್ಳಬೇಕು. ಹಾಗೆ ದುಡಿಯುವ ಸರ್ವರ್ ಆದರೆ ಚಂದಾ ತೆಗೆದುಕೊಳ್ಳಿ. ಪ್ರೊಸೆಸರ್ ಸಾಕೆಟ್‌ಗೆ ವರ್ಷಕ್ಕೆ ಇಷ್ಟು ಅಂತ ಲೆಕ್ಕ, ವರ್ಚುವಲ್ ಮಷೀನ್ ಎಷ್ಟಿದ್ದರೂ ಅಷ್ಟೇ. ಹೆಚ್ಚು ಪರೀಕ್ಷೆಯಾದ ಎಂಟರ್‌ಪ್ರೈಸ್ ರೆಪೊಸಿಟರಿಯ ಪ್ಯಾಕೇಜ್‌ಗಳು ಸಿಗುತ್ತವೆ, ಮೇಲಿನ ಹಂತದ ಚಂದಾ ಆದರೆ ಕಂಪನಿಯವರ ಸಹಾಯವೂ ಇರುತ್ತದೆ. ಕಲಿಯಲು, ಮನೆಯಲ್ಲಿ ಓಡಿಸಲು ಉಚಿತದ್ದೇ ಧಾರಾಳ ಸಾಕು.